ಮಣ್ಣಿನ ಲೆಕ್ಕಕ್ಕೆ ಮೇಲಿನ ಕಣ್ಣು

10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ಜಾಗ. ಅಲ್ಲೊಂದು ದೊಡ್ಡ ವಸತಿ ಸಮುಚ್ಚಯ ಏಳಬೇಕು. ಮೊದಲ ಕೆಲಸ ನೆಲ ಸಮ ಮಾಡುವುದು. ಒಂದು ಕಡೆ ದಿಣ್ಣೆ ಕಡಿಯಬೇಕು, ಇನ್ನೊಂದು ಕಡೆ ತಗ್ಗು ತುಂಬಬೇಕು, ಮಿಕ್ಕ ಮಣ್ಣನ್ನು ಹೊರಗೆ ಸಾಗಿಸಬೇಕು. ಹಿಟಾಚಿಗಳು ಹಗಲಿಡೀ ಅಗೆಯುತ್ತವೆ, ಟಿಪ್ಪರ್‌ಗಳು ಸಾಲುಗಟ್ಟಿ ಓಡಾಡುತ್ತವೆ. ತಿಂಗಳ ಕೊನೆಗೆ ಗುತ್ತಿಗೆದಾರ ಬಿಲ್ ಇಡುತ್ತಾನೆ. ಆಗ ಮಾಲೀಕ ಕೇಳುವ ಪ್ರಶ್ನೆ ಒಂದೇ: ಎಷ್ಟು ಮಣ್ಣು ತೆಗೆದಿರಿ?

ಕೇಳುವುದು ಸುಲಭ, ಹೇಳುವುದು ಕಷ್ಟ. ಟಿಪ್ಪರ್ ಲೋಡ್ ಎಣಿಸಿದರೆ ಸಾಲದು, ಏಕೆಂದರೆ ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ನೆಲದೊಳಗೆ 100 ಘನ ಮೀಟರ್ ಇದ್ದ ಸಾಮಾನ್ಯ ಮಣ್ಣು ಲಾರಿಗೆ ಬೀಳುವ ಹೊತ್ತಿಗೆ 120ರಿಂದ 125 ಆಗಿರುತ್ತದೆ. ಅದನ್ನೇ ಬೇರೆ ಕಡೆ ಹರಡಿ ರೋಲರ್ ಹೊಡೆದರೆ ಮತ್ತೆ ಕುಗ್ಗುತ್ತದೆ. ಹಾಗಾಗಿ ಅಗೆಯುವ ಮುಂಚಿನ ನೆಲಮಟ್ಟ, ಅಗೆದ ಮೇಲಿನ ನೆಲಮಟ್ಟ ಎರಡನ್ನೂ ಅಳೆದು ವ್ಯತ್ಯಾಸ ತೆಗೆಯುವುದೇ ಸರಿಯಾದ ದಾರಿ. ನಮ್ಮ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವುದೂ ಇದನ್ನೇ. ಮುಕ್ಕಾಲಿಯ ಮೇಲೆ ಡಂಪಿ ಲೆವೆಲ್ ಎಂಬ ದುರ್ಬೀನು, ದೂರದಲ್ಲಿ ಸ್ಟಾಫ್ ಎಂಬ ಅಳತೆಗೋಲು ಹಿಡಿದು ನಿಂತವನೊಬ್ಬ, ಓದುವವನೊಬ್ಬ, ಬರೆದುಕೊಳ್ಳುವವನೊಬ್ಬ. ಆ ಅಂಕಿಗಳು ಕೊನೆಗೆ ಅಳತೆ ಪುಸ್ತಕಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ‘ಎಂ.ಬಿ.’ಗೆ ಏರುತ್ತವೆ. ಎಂ.ಬಿ.ಯಲ್ಲಿ ಬರೆಯದ ಕೆಲಸಕ್ಕೆ ಹಣವಿಲ್ಲ.

ಈ ವಿಧಾನಕ್ಕೆ ಎರಡು ಮಿತಿಗಳಿವೆ. 10 ಮೀಟರಿಗೊಂದರಂತೆ ಮಟ್ಟ ತೆಗೆದರೂ ನಮ್ಮ 10 ಹೆಕ್ಟೇರಿಗೆ ಸಿಗುವುದು ಸಾವಿರದಷ್ಟು ಬಿಂದುಗಳು; ಎರಡು ಬಿಂದುಗಳ ನಡುವೆ ಗುಂಡಿ ಇದೆಯೋ ದಿಬ್ಬ ಇದೆಯೋ ಎಂಬುದು ಊಹೆಗೆ ಬಿಟ್ಟದ್ದು. ಎರಡನೆಯ ಮಿತಿ ಇನ್ನೂ ದೊಡ್ಡದು. ಕಟ್ಟುವ ಕೆಲಸ ತನ್ನ ಸಾಕ್ಷಿಯನ್ನು ತಾನೇ ಮುಚ್ಚಿಹಾಕುತ್ತ ಹೋಗುತ್ತದೆ. ಅಗೆದ ಮೇಲೆ ಮೊದಲಿನ ನೆಲ ಇರುವುದಿಲ್ಲ. ಪಾಯ ಮಣ್ಣಿನಡಿ ಸೇರುತ್ತದೆ, ಕಂಬಿ ಕಾಂಕ್ರೀಟಿನೊಳಗೆ ಹೋಗುತ್ತದೆ, ಪೈಪಿನ ಮೇಲೆ ರಸ್ತೆ ಬರುತ್ತದೆ. ಆರು ತಿಂಗಳ ಬಳಿಕ ತಕರಾರು ಎದ್ದರೆ ಮರಳಿ ಅಳೆಯಲು ಏನೂ ಉಳಿದಿರುವುದಿಲ್ಲ.

ನಿರ್ಮಾಣ ಕ್ಷೇತ್ರ ಡ್ರೋನಿಗೆ ಹಣ ಕೊಡಲು ಮುಂದಾದದ್ದು ಈ ಕಾರಣಕ್ಕೆ. ಮೇಲಿಂದ ತೆಗೆದ ಚಂದದ ವಿಡಿಯೊ ಮಾರಾಟದ ಕರಪತ್ರಕ್ಕೆ ಉಪಯೋಗ. ಸೈಟ್ ನಡೆಸುವವರಿಗೆ ಬೇಕಾದದ್ದು ತಾರೀಖು ಹಾಕಿದ, ಜಾಗವನ್ನು ಪೂರ್ತಿ ಆವರಿಸಿದ, ಯಾರು ಬೇಕಾದರೂ ಮತ್ತೆ ತೆರೆದು ಪರೀಕ್ಷಿಸಬಹುದಾದ ಅಳತೆ. ಗಾಳಿಯಲ್ಲಿ ಅಲುಗಾಡುತ್ತ ಹೋಗುವ ಪುಟ್ಟ ಯಂತ್ರವೊಂದು ತೆಗೆದ ಫೋಟೊಗಳಿಂದ ಅಂಥ ಅಳತೆ ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಅಧ್ಯಾಯದ ವಿಷಯ.

ಚಿತ್ರದಿಂದ ಅಳತೆಗೆ

ಫೋಟೊದಿಂದ ಅಳೆಯುವ ವಿದ್ಯೆಗೆ ಹೆಚ್ಚುಕಡಿಮೆ ಫೋಟೊಗ್ರಫಿಯಷ್ಟೇ ವಯಸ್ಸು. ಫ್ರಾನ್ಸಿನ ಸೇನಾಧಿಕಾರಿ ಎಮೆ ಲೊಸೆದಾ 1850ರ ದಶಕದಲ್ಲೇ ಫೋಟೊಗಳಿಂದ ನಕ್ಷೆ ತಯಾರಿಸುವ ಪ್ರಯೋಗ ಶುರು ಮಾಡಿದ್ದ. 1858ರಲ್ಲಿ ಪ್ಯಾರಿಸ್‌ನ ಛಾಯಾಗ್ರಾಹಕ ನಾದಾರ್ ಬಲೂನಿನಲ್ಲಿ ಏರಿ ನೆಲದ ಚಿತ್ರ ತೆಗೆದ. ಅದೇ ವರ್ಷ ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಆಲ್ಬ್ರೆಖ್ಟ್ ಮೈಡನ್‌ಬಾವರ್ ಎಂಬ ತರುಣ ವಾಸ್ತುಶಿಲ್ಪಿ ದೊಡ್ಡ ಚರ್ಚೊಂದರ ಅಳತೆ ತೆಗೆಯಲು ಎತ್ತರಕ್ಕೆ ಹತ್ತಿ, ಕೆಳಗೆ ಬೀಳುವುದರಿಂದ ಸ್ವಲ್ಪದರಲ್ಲಿ ಪಾರಾದ. ಗೋಡೆ ಹತ್ತಿ ಜೀವ ಪಣಕ್ಕಿಡುವ ಬದಲು ಗೋಡೆಯ ಚಿತ್ರವನ್ನೇ ಅಳೆಯಬಾರದೇಕೆ ಎಂಬ ಯೋಚನೆ ಅವನನ್ನು ಜೀವಮಾನವಿಡೀ ನಡೆಸಿತು. ಫೋಟೊಗ್ರಾಮೆಟ್ರಿ ಎಂಬ ಹೆಸರು 1867ರಲ್ಲಿ ಬಳಕೆಗೆ ಬಂದದ್ದು ಅವನಿಂದ.

ಇದರ ತಿರುಳು ನಮ್ಮ ಕಣ್ಣಲ್ಲೇ ಇದೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಗೆ ಹೋಲಿಸಿದರೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಕೈ ಚಾಚಿ ದೂರ ಹಿಡಿದರೆ ಜಿಗಿತ ಕಡಿಮೆಯಾಗುತ್ತದೆ. ಎರಡು ನೋಟಗಳ ನಡುವಿನ ಈ ಜಿಗಿತವನ್ನು ಅಳೆದರೆ, ಕಣ್ಣುಗಳ ನಡುವಿನ ಅಂತರ ಗೊತ್ತಿದ್ದರೆ, ಬೆರಳು ಎಷ್ಟು ದೂರದಲ್ಲಿದೆ ಎಂದು ತ್ರಿಕೋನಮಿತಿಯಿಂದ ಹೇಳಬಹುದು. ಡ್ರೋನಿಗೆ ಕ್ಯಾಮೆರಾ ಒಂದೇ ಆದರೂ ಅದು ಚಲಿಸುತ್ತಿರುತ್ತದೆ. ಇಲ್ಲೊಂದು ಚಿತ್ರ, 12 ಮೀಟರ್ ಮುಂದೆ ಇನ್ನೊಂದು. ಎರಡರಲ್ಲೂ ಕಾಣುವ ಜಲ್ಲಿಕಲ್ಲೊಂದು ಎಷ್ಟು ಜಿಗಿದಿದೆ ಎಂಬುದರಲ್ಲಿ ಅದರ ಎತ್ತರ ಅಡಗಿದೆ.

ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಹೀಗೆ ಓದಿ ಭೂಪಟ ಬರೆಯುವ ಕೆಲಸ 20ನೇ ಶತಮಾನದುದ್ದಕ್ಕೂ ನಡೆಯಿತು. ಅದಕ್ಕೆ ವಿಮಾನ, ವಿಶೇಷ ಕ್ಯಾಮೆರಾ, ಕೋಣೆ ತುಂಬುವ ಉಪಕರಣ, ಪಳಗಿದ ತಜ್ಞರು ಎಲ್ಲ ಬೇಕಿತ್ತು. ಒಂದು ಕಟ್ಟಡದ ಸೈಟಿಗೆ, ಅದೂ ವಾರಕ್ಕೊಮ್ಮೆ, ಇಷ್ಟನ್ನೆಲ್ಲ ತರುವ ಮಾತೇ ಇರಲಿಲ್ಲ. ಕೋಟಿಗಟ್ಟಲೆ ಮೊಬೈಲ್ ಫೋನ್‌ಗಳಿಗಾಗಿ ತಯಾರಾದ ಅಕ್ಕಿಕಾಳಿನಷ್ಟು ಚಿಕ್ಕ ಚಲನ ಸಂವೇದಕಗಳು, ಹಗುರ ಲಿಥಿಯಂ ಬ್ಯಾಟರಿ, ಬ್ರಷ್ ಇಲ್ಲದ ಪುಟ್ಟ ಮೋಟಾರು ಇವೆಲ್ಲ ಒಟ್ಟುಗೂಡಿ ಹಾರುವ ಯಂತ್ರವನ್ನು ಅಗ್ಗವಾಗಿಸಿದವು. ಚಿತ್ರ ಓದುವ ಕೆಲಸವನ್ನು ಗಣಿತ ವಹಿಸಿಕೊಂಡಿತು.

ಆ ಗಣಿತಕ್ಕೆ ಹಲವರು ಕೈಜೋಡಿಸಿದ್ದಾರೆ. ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ವಾಲಿತ್ತು, ನೆಲದ ಬಿಂದುಗಳು ಎಲ್ಲಿವೆ ಎಂಬುದನ್ನೆಲ್ಲ ಒಟ್ಟಿಗೇ ಲೆಕ್ಕಕ್ಕೆ ತಂದು ಒಟ್ಟು ತಪ್ಪನ್ನು ಕನಿಷ್ಠಕ್ಕಿಳಿಸುವ ವಿಧಾನವನ್ನು ಅಮೆರಿಕದ ಡ್ವೇನ್ ಬ್ರೌನ್ 1950ರ ದಶಕದ ಕೊನೆಯಲ್ಲಿ ರೂಪಿಸಿದರು. ಚಲನೆಯಿಂದ ಆಕಾರವನ್ನು ಕಂಡುಕೊಳ್ಳುವ ಸಿದ್ಧಾಂತವನ್ನು ಶಿಮೊನ್ ಉಲ್ಮನ್ 1979ರಲ್ಲಿ ಮಂಡಿಸಿದರು. ಬೆಳಕು, ಕೋನ, ಗಾತ್ರ ಬದಲಾದರೂ ಒಂದೇ ಬಿಂದುವನ್ನು ಬೇರೆಬೇರೆ ಚಿತ್ರಗಳಲ್ಲಿ ಗುರುತಿಸುವ ‘ಸಿಫ್ಟ್’ ಎಂಬ ಕ್ರಮವನ್ನು ಕೆನಡಾದ ಡೇವಿಡ್ ಲೋವ್ 1999ರಲ್ಲಿ ಪ್ರಕಟಿಸಿದರು. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು, ಪ್ರವಾಸಿಗರು ಅಂತರ್ಜಾಲಕ್ಕೆ ಹಾಕಿದ ರೋಮ್ ನಗರದ ಒಂದೂವರೆ ಲಕ್ಷ ಫೋಟೊಗಳನ್ನು ತೆಗೆದುಕೊಂಡು, ಒಂದೇ ದಿನದ ಗಣನೆಯಲ್ಲಿ ಅಲ್ಲಿನ ಸ್ಮಾರಕಗಳ ಮೂರು ಆಯಾಮದ ರೂಪವನ್ನು ಕಟ್ಟಿ ತೋರಿಸಿತು. ಸಿಕ್ಕಸಿಕ್ಕವರು ತೆಗೆದ ಚಿತ್ರಗಳಿಂದಲೇ ಇದು ಸಾಧ್ಯವಾದರೆ, ಲೆಕ್ಕಾಚಾರ ಹಾಕಿ ತೆಗೆದ ಚಿತ್ರಗಳಿಂದ ಕಟ್ಟಡದ ಸೈಟ್ ಅಳೆಯುವುದು ಕಷ್ಟವೇನಲ್ಲ.

60 ಮೀಟರ್ ಎತ್ತರದಿಂದ

ಒಂದು ಹಾರಾಟದ ಲೆಕ್ಕವನ್ನು ಇಲ್ಲೇ ಮಾಡಿ ನೋಡೋಣ. ಸರ್ವೆ ಕೆಲಸಕ್ಕೆ ಚೆನ್ನಾಗಿ ಬಳಕೆಯಾದ 20 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದನ್ನು ತೆಗೆದುಕೊಳ್ಳಿ. ಅದರ ಸಂವೇದಕದ ಮೇಲೆ ಒಂದೊಂದು ಪಿಕ್ಸೆಲ್‌ನ ಅಗಲ ಸುಮಾರು 2.4 ಮೈಕ್ರೊಮೀಟರ್, ಲೆನ್ಸ್‌ನ ಸಂಗಮ ದೂರ 8.8 ಮಿಲಿಮೀಟರ್. ಹಾರುವ ಎತ್ತರವನ್ನು ಪಿಕ್ಸೆಲ್ ಅಗಲದಿಂದ ಗುಣಿಸಿ ಸಂಗಮ ದೂರದಿಂದ ಭಾಗಿಸಿದರೆ ನೆಲದ ಮೇಲೆ ಒಂದು ಪಿಕ್ಸೆಲ್ ಎಷ್ಟು ಜಾಗ ಆವರಿಸುತ್ತದೆ ಎಂದು ತಿಳಿಯುತ್ತದೆ. 60 ಮೀಟರ್ ಎತ್ತರದಲ್ಲಿ ಅದು ಸುಮಾರು 1.6 ಸೆಂಟಿಮೀಟರ್. ಜಲ್ಲಿಕಲ್ಲು ಚುಕ್ಕೆಯಾಗಿ ಕಾಣುತ್ತದೆ, ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತದೆ. ಎತ್ತರ 120 ಮೀಟರಿಗೆ ಏರಿದರೆ ಸೂಕ್ಷ್ಮತೆ ಅರ್ಧಕ್ಕಿಳಿಯುತ್ತದೆ, ಆದರೆ ಕೆಲಸ ಬೇಗ ಮುಗಿಯುತ್ತದೆ. ಯಾವುದಕ್ಕೆ ಎಷ್ಟು ಬೇಕು ಎಂದು ನಿರ್ಧರಿಸುವುದರಲ್ಲೇ ಅರ್ಧ ಕೌಶಲವಿದೆ.

60 ಮೀಟರಿನಿಂದ ತೆಗೆದ ಒಂದು ಚಿತ್ರ ಹೆಚ್ಚುಕಡಿಮೆ 90 ಮೀಟರ್ ಅಗಲ, 60 ಮೀಟರ್ ಉದ್ದದ ನೆಲ ಹಿಡಿಯುತ್ತದೆ. ಮಂಗಳೂರು ಹೆಂಚು ಹೊದಿಸಿದಂತೆ ಪ್ರತಿ ಚಿತ್ರವೂ ಹಿಂದಿನದರ ಮೇಲೆ, ಪಕ್ಕದ್ದರ ಮೇಲೆ ಹಾಯ್ದಿರಬೇಕು. ಹಾರುವ ದಿಕ್ಕಿನಲ್ಲಿ ಶೇಕಡಾ 80, ಪಕ್ಕದಲ್ಲಿ ಶೇಕಡಾ 70 ಹಾಯಿಕೆ ಇಟ್ಟರೆ 12 ಮೀಟರಿಗೊಂದು ಚಿತ್ರ, 27 ಮೀಟರಿಗೊಂದು ಸಾಲು. 10 ಹೆಕ್ಟೇರಿಗೆ 300ಕ್ಕೂ ಸ್ವಲ್ಪ ಹೆಚ್ಚು ಚಿತ್ರಗಳು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರಿದರೆ 13 ನಿಮಿಷ. ತಿರುವುಗಳಿಗೆ, ಏರಿಳಿಯುವುದಕ್ಕೆ ಇನ್ನೊಂದಿಷ್ಟು. ಒಂದು ಬ್ಯಾಟರಿಯಲ್ಲಿ ಮುಗಿಯುವ ಕೆಲಸ. ಸ್ಟಾಫ್ ಹಿಡಿದು ಸಾವಿರ ಬಿಂದು ತೆಗೆಯಲು ದಿನಗಳೇ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಕೋಟಿಗಟ್ಟಲೆ ಬಿಂದುಗಳು ಸಿಗುತ್ತವೆ.

ಈ ಬಿಂದುಗಳ ರಾಶಿಯಿಂದ ಎರಡು ವಸ್ತುಗಳು ತಯಾರಾಗುತ್ತವೆ. ಒಂದು, ಎಲ್ಲ ಚಿತ್ರಗಳನ್ನೂ ವಾಲಿಕೆ ತಿದ್ದಿ ಹೊಲಿದ ಒಂದೇ ದೊಡ್ಡ ಚಿತ್ರ. ಅದರ ಮೇಲೆ ನಕ್ಷೆಯ ಮೇಲಿನಂತೆ ನೇರವಾಗಿ ಉದ್ದ, ಅಗಲ ಅಳೆಯಬಹುದು. ಇನ್ನೊಂದು, ನೆಲದ ಏರುತಗ್ಗುಗಳ ಮಾದರಿ. ಹೋದ ತಿಂಗಳ ಮಾದರಿಯನ್ನು ಈ ತಿಂಗಳದ್ದರಿಂದ ಕಳೆದರೆ ಎಲ್ಲಿ ಎಷ್ಟು ಕಡಿದಿದೆ, ಎಲ್ಲಿ ಎಷ್ಟು ತುಂಬಿದೆ ಎಂಬುದು ಕೆಂಪು, ನೀಲಿ ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ಎಂ-ಸ್ಯಾಂಡ್ ಗುಡ್ಡೆ, ಜಲ್ಲಿ ಗುಡ್ಡೆಗಳ ಘನ ಅಳತೆಯೂ ಇದರಿಂದಲೇ ಸಿಗುತ್ತದೆ. ಯಾರೂ ಸರಿಯುವ ಗುಡ್ಡೆಯ ಮೇಲೆ ಹತ್ತಬೇಕಿಲ್ಲ.

ನೆಲಕ್ಕೆ ಹೊಡೆದ ಮೊಳೆ

ಸೈಟಿಗೆ ಬಂದ ಸರ್ವೆ ತಂಡ ಮೊದಲು ಡ್ರೋನ್ ಪೆಟ್ಟಿಗೆ ತೆರೆಯುವುದಿಲ್ಲ. ಸುತ್ತಿಗೆ, ಮೊಳೆ, ಕಪ್ಪು ಬಿಳುಪು ಚೌಕಳಿಯ ಹಲಗೆಗಳನ್ನು ಹಿಡಿದು ಸೈಟಿನ ಮೂಲೆಮೂಲೆಗೆ ನಡೆಯುತ್ತದೆ. ಟಿಪ್ಪರ್ ಹಾಯದ, ಹಿಟಾಚಿ ಮುಟ್ಟದ ಜಾಗ ಹುಡುಕಿ ಮೊಳೆ ಹೊಡೆದು, ಅದರ ತಲೆಯ ಮೇಲೆ ಚೌಕಳಿಯ ನಡುಬಿಂದು ಕೂರುವಂತೆ ಹಲಗೆ ಹಾಸುತ್ತಾರೆ. ಆಮೇಲೆ ಎರಡು ಮೀಟರ್ ಉದ್ದದ ಕೋಲಿನ ತುದಿಗೆ ಜಿಪಿಎಸ್ ರಿಸೀವರ್ ಸಿಕ್ಕಿಸಿ, ಕೋಲಿನ ಮೊನೆಯನ್ನು ಆ ಬಿಂದುವಿನ ಮೇಲಿಟ್ಟು, ಕೋಲಿಗೆ ಅಂಟಿಸಿದ ಗುಂಡುಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೋಲು ಒಂದು ಡಿಗ್ರಿ ವಾಲಿದರೂ ತುದಿ ಮೂರೂವರೆ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಚಿತ್ರಗಳಲ್ಲಿ ಕಾಣುವ ಹಲಗೆಗಳ ಈ ಅಳೆದ ಸ್ಥಾನಗಳೇ ಮಾದರಿಯನ್ನು ನೆಲಕ್ಕೆ ಕಟ್ಟುವುದರಿಂದ, ಮೇಲೆ ಹಾರುವ ಯಂತ್ರದ ನಿಖರತೆಯೆಲ್ಲ ನಿಂತಿರುವುದು ಆ ಗುಳ್ಳೆಯ ಮೇಲೆ.

ಸಾಮಾನ್ಯ ಜಿಪಿಎಸ್‌ನಲ್ಲಿ ಕೆಲವು ಮೀಟರ್‌ಗಳ ತಪ್ಪು ಸಹಜ. ಸರ್ವೆಗೆ ಬಳಸುವ ಆರ್‌ಟಿಕೆ ವಿಧಾನ ಬೇರೆ. ಉಪಗ್ರಹ ಕಳಿಸುವ ರೇಡಿಯೊ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ಯಾವ ಹಂತ ತನ್ನನ್ನು ತಲುಪಿತು ಎಂಬುದನ್ನೇ ರಿಸೀವರ್ ಅಳೆಯುತ್ತದೆ. ಸ್ಥಾನ ಖಚಿತವಾಗಿ ಗೊತ್ತಿರುವ ಇನ್ನೊಂದು ರಿಸೀವರ್ ಪಕ್ಕದಲ್ಲೆಲ್ಲೋ ನಿಂತು, ವಾಯುಮಂಡಲದಿಂದಲೂ ಉಪಗ್ರಹದ ಗಡಿಯಾರದಿಂದಲೂ ಆಗುವ ತಪ್ಪನ್ನು ಹೇಳುತ್ತಿರುತ್ತದೆ. ಎರಡೂ ಸೇರಿದರೆ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಗಾಗಿ ಸರ್ವೆ ಆಫ್ ಇಂಡಿಯಾ ದೇಶದಲ್ಲಿ ಇಂಥ ಕಾಯಂ ಕೇಂದ್ರಗಳ ಜಾಲ ಹರಡಿತು. ಡ್ರೋನಿನಿಂದ ಗ್ರಾಮಠಾಣಾ ಮನೆಗಳನ್ನು ಅಳೆದು ಹಕ್ಕುಪತ್ರ ಕೊಡುವ ಆ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಹಳ್ಳಿಯ ಆಸ್ತಿಗಾಗಿ ಎದ್ದ ಜಾಲ ಹೆದ್ದಾರಿಗೂ ಕಟ್ಟಡಕ್ಕೂ ಉಪಯೋಗಕ್ಕೆ ಬರುತ್ತದೆ.

ಒಂದೆರಡು ಸೆಂಟಿಮೀಟರ್ ಎಂದರೆ ಅತಿ ಚಿಕ್ಕದು ಅನ್ನಿಸಬಹುದು. ನಮ್ಮ 10 ಹೆಕ್ಟೇರಿಗೆ ಹಚ್ಚಿ ನೋಡಿ. ಒಂದು ಲಕ್ಷ ಚದರ ಮೀಟರ್ ನೆಲದ ಎತ್ತರವನ್ನು ಬರೀ 1 ಸೆಂಟಿಮೀಟರ್ ತಪ್ಪಾಗಿ ಹೇಳಿದರೆ ಘನ ಅಳತೆಯಲ್ಲಿ 1,000 ಘನ ಮೀಟರ್ ತಪ್ಪು. ಉಬ್ಬಿದ ಮಣ್ಣಿನ ಲೆಕ್ಕದಲ್ಲಿ ಅದು 10 ಘನ ಮೀಟರ್ ಹಿಡಿಯುವ ಟಿಪ್ಪರಿಗೆ 120ಕ್ಕೂ ಹೆಚ್ಚು ಲೋಡ್. ಅಲ್ಲಲ್ಲಿ ಮೇಲೆಕೆಳಗೆ ಆಗುವ ಚಿಲ್ಲರೆ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಇಡೀ ನೆಲವನ್ನು ಒಂದೇ ದಿಕ್ಕಿಗೆ ಎತ್ತುವ ಅಥವಾ ಇಳಿಸುವ ತಪ್ಪು ಕಳೆಯುವುದಿಲ್ಲ. ಲೆನ್ಸ್‌ನ ಬಾಗನ್ನು ಲೆಕ್ಕ ಸರಿಯಾಗಿ ಹಿಡಿಯದಿದ್ದರೆ ಸಮತಟ್ಟು ನೆಲವೂ ಬೋಗುಣಿಯಂತೆ ನಡುವೆ ತಗ್ಗಾಗಿಯೋ ಉಬ್ಬಾಗಿಯೋ ಮೂಡುತ್ತದೆ, ನೋಡಲು ಚಿತ್ರ ಮಾತ್ರ ಚೊಕ್ಕವಾಗಿಯೇ ಇರುತ್ತದೆ. ನೇರ ಕೆಳಗೆ ನೋಡುವ ಚಿತ್ರಗಳ ಜೊತೆ ಓರೆಯಾಗಿ ತೆಗೆದ ಕೆಲವನ್ನು ಸೇರಿಸುವುದು ಇದಕ್ಕೊಂದು ಮದ್ದು. ಮೊಳೆಗಳಲ್ಲಿ ಕೆಲವನ್ನು ಲೆಕ್ಕಕ್ಕೆ ಕೊಡದೆ ಬೇರೆಯೇ ಇಟ್ಟುಕೊಂಡು, ಮಾದರಿ ತಯಾರಾದ ಮೇಲೆ ಅವುಗಳ ನಿಜವಾದ ಎತ್ತರದೊಡನೆ ಹೋಲಿಸುವುದು ಇನ್ನೊಂದು. ಆ ಹೋಲಿಕೆಯ ಅಂಕಿಗಳಿಲ್ಲದ ಡ್ರೋನ್ ವರದಿಯನ್ನು ಬಿಲ್ಲಿಗೆ ಆಧಾರವಾಗಿ ಒಪ್ಪಬಾರದು.

ಎತ್ತರದ ವಿಷಯದಲ್ಲಿ ದಕ್ಷಿಣ ಭಾರತಕ್ಕೆ ಮತ್ತೊಂದು ವಿಶೇಷವಿದೆ. ಜಿಪಿಎಸ್ ಎತ್ತರವನ್ನು ಅಳೆಯುವುದು ಭೂಮಿಯ ನುಣುಪಾದ ಗಣಿತೀಯ ಆಕಾರದಿಂದ; ಎಂಜಿನಿಯರ್ ಲೆಕ್ಕ ಹಾಕುವುದು ಸಮುದ್ರ ಮಟ್ಟದಿಂದ. ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದರಿಂದ ಇವೆರಡೂ ಒಂದಾಗುವುದಿಲ್ಲ. ಜಗತ್ತಿನಲ್ಲೇ ಅತಿ ಆಳದ ಗುರುತ್ವದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಈ ವ್ಯತ್ಯಾಸ 100 ಮೀಟರಿಗೂ ಹೆಚ್ಚು. ಭೂಮಿಯ ಒಳಪದರದಿಂದ ಏರಿ ಬಂದ ಬಿಸಿಯಾದ, ಹಗುರವಾದ ದ್ರವ್ಯ ಇದಕ್ಕೆ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ 2023ರಲ್ಲಿ ವಿವರಿಸಿದರು. ಆ ತಗ್ಗಿನ ಅಂಚು ನಮ್ಮನ್ನೂ ಮುಟ್ಟುತ್ತದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತಿದ್ದದ ಜಿಪಿಎಸ್ ಸುಮಾರು 85 ಮೀಟರ್ ಕಡಿಮೆ ತೋರಿಸುತ್ತದೆ. 85 ಮೀಟರ್ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಒಂದು ತಿಂಗಳು ಒಂದು ತಿದ್ದುಪಡಿ, ಇನ್ನೊಂದು ತಿಂಗಳು ಬೇರೆ ತಿದ್ದುಪಡಿ ಬಳಸಿದಾಗ ನುಸುಳುವ ಕೆಲವೇ ಸೆಂಟಿಮೀಟರ್‌ಗಳ ತಪ್ಪು ಅಪಾಯಕಾರಿ. ಆದ್ದರಿಂದಲೇ ಅನುಭವಿ ಸರ್ವೇಯರ್‌ಗಳು ಕೆಲಸದ ಮೊದಲ ದಿನದಿಂದ ಕೊನೆಯ ದಿನದವರೆಗೂ ಸೈಟಿನಲ್ಲಿ ಎತ್ತರದ ಆಧಾರಬಿಂದುವಾಗಿ ಒಂದೇ ಬೆಂಚ್‌ಮಾರ್ಕ್ ಹಿಡಿಯುತ್ತಾರೆ, ಅದನ್ನು ಕಾಂಕ್ರೀಟಿನಲ್ಲಿ ಹುಗಿದು ಸುತ್ತ ಬೇಲಿ ಹಾಕುತ್ತಾರೆ.

ನಕ್ಷೆಯ ಪಕ್ಕದಲ್ಲಿ ನಿಜ

ಮಣ್ಣಿನ ಕೆಲಸ ಮುಗಿದು ಕಟ್ಟಡ ಏಳತೊಡಗಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ಈ ಹೊತ್ತಿಗೆ ಎಲ್ಲಿ ಇರಬೇಕಿತ್ತು, ಎಲ್ಲಿದ್ದೇವೆ? ದೊಡ್ಡ ಯೋಜನೆಗಳಲ್ಲಿ ಈಗ ಕಟ್ಟಡದ ಮೂರು ಆಯಾಮದ ಡಿಜಿಟಲ್ ಮಾದರಿ ಮೊದಲೇ ತಯಾರಾಗಿರುತ್ತದೆ. ಯಾವ ಕಂಬ ಯಾವ ವಾರ, ಯಾವ ಸ್ಲ್ಯಾಬ್ ಯಾವ ದಿನ ಎಂಬ ವೇಳಾಪಟ್ಟಿಯನ್ನೂ ಅದಕ್ಕೆ ಜೋಡಿಸಿರುತ್ತಾರೆ. ಡ್ರೋನ್ ಕಟ್ಟಿಕೊಟ್ಟ ನಿಜರೂಪವನ್ನು ಅದರ ಮೇಲೆ ಹೊಂದಿಸಿದರೆ ಹಿಂದೆ ಬಿದ್ದ ಭಾಗ ಆ ವಾರವೇ ಗೊತ್ತಾಗುತ್ತದೆ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವೊಂದು ಏಳುತ್ತಿದ್ದಾಗ, 2015ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಮಾನಿ ಗೊಲ್ಪರ್ವರ್‌ಫರ್ದ್ ಅವರ ತಂಡ ಇದನ್ನು ಮಾಡಿ ನೋಡಿತು. ದಿನಕ್ಕೊಮ್ಮೆ ಡ್ರೋನ್‌ಗಳು ಸೈಟಿನ ಮೇಲೆ ಹಾರಿ ಚಿತ್ರ ತರುತ್ತಿದ್ದವು, ಸಾಫ್ಟ್‌ವೇರ್ ಅವನ್ನು ವೇಳಾಪಟ್ಟಿಯೊಡನೆ ಹೋಲಿಸುತ್ತಿತ್ತು. ಆ ಕ್ರೀಡಾಂಗಣ 2016ರಲ್ಲಿ ತೆರೆಯಿತು. ಅದೇ ವರ್ಷ ಆಗಸ್ಟ್ 29ರಂದು ಅಮೆರಿಕದ ವಿಮಾನಯಾನ ಆಡಳಿತ ಸಣ್ಣ ಡ್ರೋನ್‌ಗಳ ವಾಣಿಜ್ಯ ಬಳಕೆಗೆ ಸಾಮಾನ್ಯ ನಿಯಮ ಜಾರಿಗೆ ತಂದಿತು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಪ್ರತ್ಯೇಕ ವಿನಾಯಿತಿ ಪಡೆಯಬೇಕಿತ್ತು.

ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಕಟ್ಟಡ ಕೆಲಸಗಾರರ ವಯಸ್ಸು ಏರುತ್ತಿದೆ, ಹೊಸಬರು ಬರುತ್ತಿಲ್ಲ. ಭೂಕೆಲಸದ ಯಂತ್ರ ತಯಾರಿಸುವ ಕೊಮಾತ್ಸು ಕಂಪನಿ 2015ರ ಫೆಬ್ರುವರಿಯಲ್ಲಿ ಹೊಸ ಸೇವೆಯೊಂದನ್ನು ಆರಂಭಿಸಿತು. ಡ್ರೋನ್ ಅಳೆದ ನೆಲದ ಮಾದರಿಯೂ ಆಗಬೇಕಾದ ನೆಲದ ವಿನ್ಯಾಸವೂ ನೇರ ಬುಲ್‌ಡೋಜರಿಗೆ ಹೋಗುತ್ತವೆ. ಎಲ್ಲಿ ಎಷ್ಟು ಕೆರೆಯಬೇಕು ಎಂಬುದಕ್ಕೆ ಅದರ ಅಲಗು ತಾನೇ ಹೊಂದಿಕೊಳ್ಳುತ್ತದೆ. 2016ರಲ್ಲಿ ಜಪಾನ್ ಸರ್ಕಾರ ‘ಐ-ಕನ್‌ಸ್ಟ್ರಕ್ಷನ್’ ಹೆಸರಿನಲ್ಲಿ ಇದನ್ನೇ ಲೋಕೋಪಯೋಗಿ ಕಾಮಗಾರಿಗಳ ನೀತಿಯಾಗಿಸಿತು. ಅಳತೆ ಕಾಗದಕ್ಕೆ ಇಳಿಯದೆ ಆಕಾಶದಿಂದ ಯಂತ್ರಕ್ಕೆ ಹೋದ ಕಥೆ ಇದು.

ನಮ್ಮಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಹೆದ್ದಾರಿ ಪ್ರಾಧಿಕಾರ. ರಾಷ್ಟ್ರೀಯ ಹೆದ್ದಾರಿ ಯೋಜನೆಗಳನ್ನು ಪ್ರತಿ ತಿಂಗಳೂ ಡ್ರೋನಿನಿಂದ ಚಿತ್ರೀಕರಿಸುವುದನ್ನು ಅದು 2021ರ ಜೂನ್‌ನಲ್ಲಿ ಕಡ್ಡಾಯಗೊಳಿಸಿತು. ಮೇಲ್ವಿಚಾರಣಾ ಸಲಹೆಗಾರರ ತಂಡದ ಮುಖ್ಯಸ್ಥರ ಎದುರಿನಲ್ಲೇ ಚಿತ್ರೀಕರಣವಾಗಬೇಕು. ಈ ತಿಂಗಳ, ಹಿಂದಿನ ತಿಂಗಳ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ‘ಡೇಟಾ ಲೇಕ್’ ಎಂಬ ಪೋರ್ಟಲ್‌ಗೆ ಏರಿಸಬೇಕು. ಹೆದ್ದಾರಿ ಗುತ್ತಿಗೆಗಳಲ್ಲಿ ವಿವಾದಗಳು ಮಧ್ಯಸ್ಥಿಕೆ ನ್ಯಾಯಮಂಡಳಿಗೂ ಕೋರ್ಟಿಗೂ ಹೋಗಿ ವರ್ಷಗಟ್ಟಲೆ ನಡೆಯುತ್ತವೆ. ಜಾಗ ಹಸ್ತಾಂತರ ತಡವಾಯಿತೇ, ಗುತ್ತಿಗೆದಾರನೇ ತಡ ಮಾಡಿದನೇ ಎಂಬ ಪ್ರಶ್ನೆಗೆ ಕಾಯಂ ಉಳಿಯುವ ಈ ವಿಡಿಯೊಗಳು ಸಾಕ್ಷಿಯಾಗುತ್ತವೆ. ಆ ಆದೇಶ ಬಂದಾಗ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಕೆಲಸ ಭರದಿಂದ ನಡೆಯುತ್ತಿತ್ತು. 2023ರ ಮಾರ್ಚ್ 12ರಂದು ಅದು ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದಕ್ಕೂ ಬೈಪಾಸು, ಸೇತುವೆ, ಸರ್ವಿಸ್ ರಸ್ತೆಗಳು ಒಟ್ಟೊಟ್ಟಿಗೆ ಏಳುವ ಇಂಥ ಕಾಮಗಾರಿಯನ್ನು ಜೀಪಿನಲ್ಲಿ ಕೂತು ಪೂರ್ತಿ ಕಾಣಲಾಗದು.

ವಿಡಿಯೊ ಒಳ್ಳೆಯ ಸಾಕ್ಷಿ, ಆದರೆ ಅದರಿಂದ ಘನ ಅಳತೆ ಸಿಗುವುದಿಲ್ಲ. ಮೊಳೆ ಹೊಡೆದು, ಹಾಯಿಕೆ ಇಟ್ಟು ತೆಗೆದ ಚಿತ್ರಗಳಿಗೇ ಆ ಶಕ್ತಿ ಇರುವುದು. ಬೆಂಗಳೂರಿನ ಸ್ಕೈಲಾರ್ಕ್ ಡ್ರೋನ್ಸ್, ಆಸ್ಟೇರಿಯಾ ಏರೋಸ್ಪೇಸ್‌ನಂಥ ಕಂಪನಿಗಳು ಈ ಎರಡನೆಯ ಕೆಲಸವನ್ನೇ ಉದ್ಯಮವಾಗಿಸಿವೆ. ಹಾರಿಸುವುದು ಅದರ ಚಿಕ್ಕ ಭಾಗ, ಚಿತ್ರಗಳನ್ನು ಗಣಿಸಿ ಎಂಜಿನಿಯರ್ ನಂಬಬಹುದಾದ ಅಂಕಿ ಕೊಡುವುದು ದೊಡ್ಡ ಭಾಗ.

ಕ್ಯಾಮೆರಾಗೆ ಕಾಣದ್ದು

ಒಂದೇ ಬಿಂದುವನ್ನು ಎರಡು ಚಿತ್ರಗಳಲ್ಲಿ ಗುರುತಿಸುವುದೇ ಈ ವಿದ್ಯೆಯ ಬುಡವಾದ್ದರಿಂದ, ಗುರುತು ಸಿಗದ ಕಡೆ ಅದು ಸೋಲುತ್ತದೆ. ನಿಂತ ನೀರು ಆಕಾಶವನ್ನು ತೋರಿಸುತ್ತದೆ, ತಳವನ್ನಲ್ಲ. ಮಳೆಯ ಮಾರನೆಯ ದಿನ ನೀರು ನಿಂತ ಗುಂಡಿಯ ಘನ ಅಳತೆ ಹೇಳುವುದು ಸಲ್ಲದು. ಗಾಜಿನ ಗೋಡೆ, ಹೊಳೆಯುವ ತಗಡು, ಒಂದೇ ಬಣ್ಣದ ಹೊಸ ಸ್ಲ್ಯಾಬ್ ಎಲ್ಲವೂ ಗಣನೆಯನ್ನು ದಾರಿ ತಪ್ಪಿಸುತ್ತವೆ. ಬೆಳಗಿನ, ಸಂಜೆಯ ನೀಳ ನೆರಳು ಚಿತ್ರದಿಂದ ಚಿತ್ರಕ್ಕೆ ಸರಿಯುತ್ತದೆ. ಹಾಗಾಗಿ ನಡುಹಗಲು ಅಥವಾ ತೆಳುಮೋಡದ ಹೊತ್ತು ಒಳ್ಳೆಯದು. ಪೊದೆ ಬೆಳೆದ ಜಾಗದಲ್ಲಿ ಎಲೆಯ ಎತ್ತರವೇ ನೆಲದ ಎತ್ತರವಾಗಿಬಿಡುತ್ತದೆ. ಅಲ್ಲಿ ಲೇಸರ್ ಕಿರಣ ಬಿಟ್ಟು ಎಲೆಗಳ ಸಂದಿನಿಂದ ನೆಲ ಮುಟ್ಟುವ ಲೈಡಾರ್ ಬೇಕು, ಅದರ ವೆಚ್ಚ ಹೆಚ್ಚು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ ಆಕಾರ ಸರಿಯಿದ್ದ ಮಾತ್ರಕ್ಕೆ ಗುಣ ಸರಿಯಿದೆ ಎಂದಾಗುವುದಿಲ್ಲ. ಸ್ಲ್ಯಾಬ್ ಬಿದ್ದಿದೆ ಎಂದು ಡ್ರೋನ್ ಹೇಳಬಲ್ಲದು. ಒಳಗೆ ಕಂಬಿ ನಕ್ಷೆಯಂತೆ ಕಟ್ಟಿದೆಯೇ, ಕಾಂಕ್ರೀಟಿಗೆ ನೀರು ಹೆಚ್ಚಾಯಿತೇ, ಕ್ಯೂರಿಂಗ್ ಸರಿಯಾಗಿ ಆಯಿತೇ ಎಂದು ಹೇಳಲಾರದು. ಕಾಂಕ್ರೀಟ್ ಹಾಕುವ ಮುಂಚೆ ಕಂಬಿಯ ಚಿತ್ರ ತೆಗೆದಿಟ್ಟರೆ ಸ್ವಲ್ಪ ನೆರವಾದೀತು. ಅದರಾಚೆಗೆ ಮೇಸ್ತ್ರಿಯ ಅನುಭವ, ಸೈಟ್ ಎಂಜಿನಿಯರನ ಕಣ್ಣು, ಪ್ರಯೋಗಾಲಯದ ಕ್ಯೂಬ್ ಪರೀಕ್ಷೆ ಇವುಗಳ ಜಾಗದಲ್ಲಿ ಮತ್ತೊಂದನ್ನು ಕೂರಿಸಲಾಗದು.

ಹಾರುವುದಕ್ಕೂ ಕಟ್ಟುಪಾಡುಗಳಿವೆ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 200 ಅಡಿಗೆ ಇಳಿಯುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಇವೆಲ್ಲ ಇರುವ ಬೆಂಗಳೂರಿನಲ್ಲಿ ವಲಯದ ನಕ್ಷೆ ನೋಡದೆ ಡ್ರೋನ್ ಎತ್ತುವಂತಿಲ್ಲ. ಯಂತ್ರಕ್ಕೆ ವಿಶಿಷ್ಟ ಗುರುತು ಸಂಖ್ಯೆ ಇರಬೇಕು. ವಾಣಿಜ್ಯ ಕೆಲಸಕ್ಕೆ 250 ಗ್ರಾಂ ಮೀರಿದ ಡ್ರೋನ್ ಹಾರಿಸುವವರ ಬಳಿ ಅಧಿಕೃತ ತರಬೇತಿಯ ಪ್ರಮಾಣಪತ್ರ ಇರಬೇಕು. ಕೆಳಗೆ ಜನ ದುಡಿಯುವ ಜಾಗದ ಮೇಲೆ ಭಾರದ ಯಂತ್ರ ಹಾರಿಸುವಾಗ ಇದು ತೀರ ಕನಿಷ್ಠ ಎಚ್ಚರ.

ಯಾರ ಲೆಕ್ಕಕ್ಕೆ

ಸ್ಯಾಕ್ರಮೆಂಟೊ ಪ್ರಯೋಗ ಸುದ್ದಿಯಾದಾಗಲೇ ಕೆಲಸಗಾರರ ಮೇಲಿನ ನಿಗಾದ ಪ್ರಶ್ನೆ ಎದ್ದಿತ್ತು. ಅದು ನ್ಯಾಯವಾದ ಪ್ರಶ್ನೆ. ಗೋಡೆ ಎಷ್ಟು ಎದ್ದಿದೆ ಎಂದು ನೋಡುವ ಕಣ್ಣು, ಗೋಡೆ ಕಟ್ಟುವವಳು ಎಷ್ಟು ಹೊತ್ತು ನೆರಳಲ್ಲಿ ಕೂತಳು ಎಂದೂ ನೋಡಬಲ್ಲದು. ಯಾದಗಿರಿ, ರಾಯಚೂರು, ಕಲಬುರಗಿಯಿಂದ, ಒಡಿಶಾ, ಬಿಹಾರದಿಂದ ಬಂದು ತಗಡಿನ ಶೆಡ್ಡಿನಲ್ಲಿ ಮಕ್ಕಳೊಂದಿಗೆ ಬದುಕುವ ಕಾರ್ಮಿಕರಿಗೆ ಸೈಟೇ ಮನೆ. ಅವರ ಸ್ನಾನದ ಮರೆ, ಅಡುಗೆ ಒಲೆ ಎಲ್ಲವೂ ಆ ಚಿತ್ರಗಳಲ್ಲಿ ಬೀಳುತ್ತವೆ. ಕಾರ್ಮಿಕರ ವಸತಿಯ ಮೇಲೆ ಹಾರದಂತೆ ಮಾರ್ಗ ಹಾಕುವುದು, ಮುಖ ಗುರುತು ಸಿಗುವ ಚಿತ್ರ ಇಟ್ಟುಕೊಳ್ಳದಿರುವುದು, ಹಾರುವ ಹೊತ್ತನ್ನು ಮೊದಲೇ ಅವರ ಭಾಷೆಯಲ್ಲಿ ತಿಳಿಸುವುದು ಇವ್ಯಾವುವೂ ಕಷ್ಟದ ಕೆಲಸಗಳಲ್ಲ.

ಅದೇ ಮಾಹಿತಿ ಅವರ ಜೀವವನ್ನೂ ಕಾಯಬಲ್ಲದು. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್‌ಗೂ ಹೆಚ್ಚು. ಕಟ್ಟಡದ ತಳಪಾಯಕ್ಕೆ, ಒಳಚರಂಡಿಗೆ ಅಗೆದ ಗುಂಡಿಯ ಗೋಡೆ ಕುಸಿದರೆ ಕೆಳಗಿದ್ದವರಿಗೆ ಓಡಲು ಸಮಯ ಸಿಗುವುದಿಲ್ಲ. ಅಗೆತದ ಸುರಕ್ಷತೆಗೆಂದೇ ಐಎಸ್ 3764 ಎಂಬ ಭಾರತೀಯ ಮಾನಕ ಇದೆ: ಆಳದ ಗುಂಡಿಯ ಗೋಡೆಗೆ ಆನಿಕೆ ಕೊಡಬೇಕು ಇಲ್ಲವೇ ಇಳಿಜಾರಾಗಿ ಕಡಿಯಬೇಕು, ಅಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಬಾರದು. ಗುತ್ತಿಗೆದಾರನ ಬಿಲ್ಲಿಗಾಗಿ ತಯಾರಾದ ನೆಲದ ಮಾದರಿಯಲ್ಲೇ ಪ್ರತಿ ಗುಂಡಿಯ ಆಳ, ಗೋಡೆಯ ಇಳಿಜಾರು, ಅಂಚಿನಿಂದ ಗುಡ್ಡೆಗಿರುವ ದೂರ ಎಲ್ಲವೂ ಇವೆ. ಘನ ಅಳತೆ ಹೇಳುವ ಸಾಫ್ಟ್‌ವೇರಿಗೆ ಕಡಿದಾದ ಗೋಡೆಗಳನ್ನು ಕೆಂಪಾಗಿ ತೋರಿಸುವುದು ನಿಮಿಷಗಳ ಕೆಲಸ. ಹೆಚ್ಚುವರಿ ಹಾರಾಟ ಬೇಡ, ಹೆಚ್ಚುವರಿ ಖರ್ಚೂ ಇಲ್ಲದಷ್ಟು ಕಡಿಮೆ. ಬೇಕಿರುವುದು ಆ ಲೆಕ್ಕ ಕೇಳುವ ಮನಸ್ಸು.

ಹಾಗಾಗಿ ಡ್ರೋನ್ ಸರ್ವೆಗೆ ಕರಾರು ಬರೆಯುವಾಗ ಮೂರು ಸಾಲು ಸೇರಿಸಬೇಕೆಂದು ನನ್ನ ಗಟ್ಟಿ ನಂಬಿಕೆ. ಬೇರೆ ಇಟ್ಟ ಮೊಳೆಗಳೊಡನೆ ಹೋಲಿಸಿದ ತಪ್ಪಿನ ಅಂಕಿ ಪ್ರತಿ ವರದಿಯಲ್ಲೂ ಇರಬೇಕು. ಅಪಾಯದ ಇಳಿಜಾರುಗಳ ನಕ್ಷೆ ಅದೇ ಸಂಜೆ ಸೈಟಿನ ಸುರಕ್ಷತಾ ಅಧಿಕಾರಿಗೆ ತಲುಪಬೇಕು. ಸಾರ್ವಜನಿಕ ಹಣದ ಕಾಮಗಾರಿಯಾದರೆ ತಿಂಗಳ ಚಿತ್ರ ಮತ್ತು ಅಳತೆ, ಆ ರಸ್ತೆ ಹಾಯುವ ಊರಿನ ಗ್ರಾಮ ಪಂಚಾಯಿತಿಯಲ್ಲೂ ನೋಡಲು ಸಿಗಬೇಕು. ಎಂ.ಬಿ.ಯನ್ನು ನೋಡುತ್ತಿದ್ದವರು ಬೆರಳೆಣಿಕೆಯ ಅಧಿಕಾರಿಗಳು, ಅದು ಬೀರುವಿನಲ್ಲಿರುತ್ತಿತ್ತು. ಡ್ರೋನ್ ತಂದ ಅಳತೆಗೆ ಬೀರುವಿನ ಹಂಗಿಲ್ಲ. ಮಣ್ಣು ಎಷ್ಟು ಹೋಯಿತು, ರಸ್ತೆ ಎಷ್ಟು ಬಂತು, ಗುಂಡಿಯೊಳಗೆ ಇಳಿಯುವವರು ಎಷ್ಟು ಸುರಕ್ಷಿತರು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡತದಲ್ಲಿರುವಾಗ, ಮೊದಲನೆಯದಕ್ಕೆ ಮಾತ್ರ ಹಣ ಕೊಟ್ಟು ಉಳಿದೆರಡನ್ನು ತೆರೆಯದೆ ಬಿಡುವುದಕ್ಕೆ ನಮ್ಮಲ್ಲಿ ಯಾವ ನೆಪವೂ ಉಳಿದಿಲ್ಲ.